ನುಂಗಿದ ಕೆಮ್ಮು

ಒಂದೇ ಬಾವಿಯ ನೀರನ್ನು ಮನೆಮಂದಿಯೆಲ್ಲ ಕುಡಿದೆವು. ಒಂದೇ ಓಣಿಯ ಧೂಳು ಎಲ್ಲರ ಮೂಗಿಗೂ ಹೋಯಿತು. ಹಾಗಿದ್ದ ಮೇಲೆ ಈ ರೋಗ ನನ್ನೊಬ್ಬಳಿಗೇ ಯಾಕೆ ಅಮರಿಕೊಂಡಿತು? ಎಪ್ಪತ್ತರ ದಶಕದಲ್ಲಿ, ಬಸವನ ಬಾಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಲಗಿಕೊಂಡು ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿಕೊಂಡೆನೋ ಲೆಕ್ಕವಿಲ್ಲ. ಅಳುತ್ತ ಕೇಳಿದ್ದು ಕಡಿಮೆ, ನಿಜವಾಗಿ ತಿಳಿಯಬೇಕೆಂದು ಕೇಳಿದ್ದೇ ಹೆಚ್ಚು. ಮೊದಲಿನಿಂದಲೂ ನನ್ನದು ಕೆದಕಿ ಕೇಳುವ ಚಟ. ನನ್ನ ಗಂಡ ತಹಶೀಲ್ದಾರ ಕಚೇರಿಯಲ್ಲಿ ಗುಮಾಸ್ತರು. ಪೊಲೀಸರಿಗಿಂತ ಹೆಚ್ಚು ವಿಚಾರಣೆ ಮಾಡುತ್ತೇನೆಂದು ಅವರು ನನ್ನನ್ನು ‘ಫೌಜದಾರ ಬಾಯಿ’ ಎಂದೇ ಕರೆಯುತ್ತಿದ್ದರು.

ಹೋದ ತಿಂಗಳು ನಮ್ಮ ಬಳಗದ ಹುಡುಗಿಯೊಬ್ಬಳು ಫೋನು ಮಾಡಿ ಅತ್ತಳು. "ಟಿ.ಬಿ. ಅಲ್ಲಂತ ಅಜ್ಜಿ, ಅದರ ಬಳಗದ್ದು ಯಾವುದೋ ಹುಳಾ ಅಂತ. ಇಂಥಾದ್ದು ಯಾರಿಗೂ ಬಂದದ್ದು ನಾ ಕೇಳೇ ಇಲ್ಲ," ಎಂದಳು. ಯಾರಿಗೂ ಯಾಕೆ, ನನಗೇ ಬಂದಿತ್ತಲ್ಲ! ಅವಳಿಗೆ ಫೋನಿನಲ್ಲಿ ಹೇಳಿದ್ದು ಅರ್ಧಂಬರ್ಧ. ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಔಷಧದ ಮಾತು ಡಾಕ್ಟರರಿಗೆ ಬಿಟ್ಟದ್ದು. ನಾನು ಹೇಳುವುದು ದವಾಖಾನೆಯ ಬಾಕಿನ ಮೇಲೆ ಕುಳಿತು ಕಾದದ್ದು, ಹೆದರಿದ್ದು, ನನ್ನ ಮಗಳನ್ನು ಮರಳಿ ಮನೆಗೆ ತರಲು ಒದ್ದಾಡಿದ್ದು, ಇಷ್ಟೇ.

ಮಗಳು ಸುಧಾಗೆ ಆಗ ನಾಲ್ಕು ತುಂಬುತ್ತಿತ್ತು. ನಾನು ಹುಟ್ಟಾ ಕಡ್ಡಿ, ಮೇಲೆ ಎತ್ತರ ಬೇರೆ. "ಗಾಳಿ ಬಿಟ್ಟರ ಹಾರಿ ಹೋದೀಯವ್ವ," ಎಂದು ನೆರೆಮನೆಯವರು ನಗುತ್ತಿದ್ದರು. ಆ ಕಡ್ಡಿಯೂ ಕರಗತೊಡಗಿತು. ಜಂಪರುಗಳು ಸಡಿಲವಾದವು, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕೆಮ್ಮು ಹಳೆಯದೇ, ಆದರೆ ನಾನು ಮಂದಿಯೆದುರು ಕೆಮ್ಮುವವಳಲ್ಲವಾದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಒಂದು ದಿನ ಬಚ್ಚಲಲ್ಲಿ ಉಗುಳಿದಾಗ ಕೆಂಪು ಕಂಡಿತು. ಅಲ್ಲಿಗೆ ಮುಚ್ಚಿಡುವುದು ಮುಗಿಯಿತು.

ವಿಜಾಪುರದ ಡಾಕ್ಟರರು ಎದೆಯ ಫೋಟೋವನ್ನು ಕಿಟಕಿಗೆ ಹಿಡಿದು ನೋಡಿದರು. ಕಫದಲ್ಲೂ ಹುಳ ಸಿಕ್ಕಿದ್ದವು. "ಕ್ಷಯ ಅದರಿ," ಎಂದರು. ನಂತರ ಫೋಟೋದಿಂದ ಕಣ್ಣು ತೆಗೆಯದೆ, "ಮನಿಯೊಳಗ ಸಣ್ಣ ಮಕ್ಕಳಿದ್ದಾರೇನು?" ಎಂದು ಕೇಳಿದರು. ನನ್ನ ಗಂಡ ಇದ್ದಾಳೆಂದರು. "ದೂರ ಇಡ್ರಿ ಆಕಿನ್ನ," ಎಂದು ಚೀಟಿ ಬರೆಯತೊಡಗಿದರು. ಕ್ಷಯವೆಂದಾಗ ನನಗೆ ಏನೂ ಆಗಲಿಲ್ಲ. ಆ ಎರಡನೆಯ ಮಾತು ಕೇಳಿ ಮಾತ್ರ, ಎಷ್ಟು ದಿನ ದೂರ ಎಂದು ಮತ್ತೆ ಮತ್ತೆ ಕೇಳಿದೆ.

ಮನೆಯ ಕಾರಭಾರವೆಲ್ಲ ಅತ್ತೆಯದು. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಒಬ್ಬಳೇ ನಿಂತು ಮಗನನ್ನು ಓದಿಸಿದ ಹೆಂಗಸು. ಮಡಿ ಬಹಳ, ನಾಲಗೆಯೂ ಚುರುಕು. ವಿಷಯ ಕೇಳಿ ಹೇಳಿದರು: "ಕೂಸಿನ್ನ ಇಂಡಿಗೆ ನಿಮ್ಮವ್ವನ ಕಡೆ ಕಳಸೂಣು. ನೀ ನೆಟ್ಟಗಾಗು, ತಿರುಗಿ ಕರಕೊಂಡು ಬರೂಣು. ಇದರಾಗ ವಾದ ಬ್ಯಾಡ."

ನಾನೂ ವಾದ ಮಾಡಲಿಲ್ಲ. ಮಾಡುವುದೇನಿತ್ತು? ಇಂಡಿಯಿಂದ ಅಣ್ಣ ಬಂದು ಸುಧಾಳನ್ನು ಕರೆದುಕೊಂಡು ಹೋದ. ಅವಳಿಗೆ ಅಜ್ಜಿಯ ಮನೆಗೆ ಹೋಗುವ ಹುರುಪು. "ನೀ ಯಾವಾಗ ಬರ್ತೀಯವ್ವಾ?" ಎಂದು ಅಂಗಳದಿಂದಲೇ ಕೂಗಿ ಕೇಳಿದಳು. ಅಪ್ಪಿಕೊಳ್ಳಲು ಬಿಡಲಿಲ್ಲವೆಂಬುದು ಅವಳ ಲಕ್ಷ್ಯಕ್ಕೇ ಬರಲಿಲ್ಲ. ನಾನು ಒಳಗೆ ಹೋಗಿ ಅವಳ ಸಣ್ಣ ಹಾಸಿಗೆಯ ಮೇಲೆ ಬಿದ್ದು ಮನಸಾರೆ ಅತ್ತುಬಿಟ್ಟೆ.

ನನ್ನ ತಾಟು, ಲೋಟ ಬೇರೆಯಾದವು. ಅತ್ತೆ ಊಟವನ್ನು ದೂರದಿಂದ ಸರಿಸುತ್ತಿದ್ದರು, ಆದರೆ ಬೆಣ್ಣೆ ಮಾತ್ರ ಎಲ್ಲರಿಗಿಂತ ದೊಡ್ಡ ಉಂಡೆ ನನಗೇ ಇರುತ್ತಿತ್ತು. ದಿನಾ ಇಂಜೆಕ್ಷನ್ ಚುಚ್ಚಲು ಕಂಪೌಂಡರ್ ದಸ್ತಗೀರ ಸಾಹೇಬ ಸೈಕಲ್ ಮೇಲೆ ಬರುತ್ತಿದ್ದ. ಸೂಜಿ ಕುದಿಯುವವರೆಗೆ ಊರ ಸುದ್ದಿಯೆಲ್ಲ ಹೇಳುವನು. ನನ್ನ ಹತ್ತಿರ ಕುಳಿತು ಮಾತಾಡುವವನು ಆಗ ಅವನೊಬ್ಬನೇ. "ಚುಚ್ಚಾಕ ಇನ್ನ ಜಾಗಾನ ಉಳದಿಲ್ರಿ ಬಾಯಾರ, ನಾಳೆಯಿಂದ ನಿಮ್ಮ ಯಜಮಾನ್ರಿಗೆ ಚುಚ್ಚತೇನಿ ನೋಡ್ರಿ," ಎಂದು ನಗಿಸುತ್ತಿದ್ದ. ಆ ನಗು ಇಲ್ಲದಿದ್ದರೆ ನಾನು ಹುಚ್ಚಿಯಾಗುತ್ತಿದ್ದೆನೋ ಏನೋ.

ತಿಂಗಳುಗಳು ಕಳೆದವು. ಕಹಿ ಪುಡಿ ನುಂಗಿ ಹೊಟ್ಟೆ ಕೆಟ್ಟಿತು, ಇಂಜೆಕ್ಷನ್ನಿಗೆ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಕಫದ ಹುಳ ಮಾತ್ರ ಕದಲಲಿಲ್ಲ. ವಿಜಾಪುರದ ಡಾಕ್ಟರರು ತಲೆ ಕೆರೆದುಕೊಂಡು, "ಗುಳಗಿ ಬರೋಬ್ಬರಿ ತಗೋತೀರೋ ಇಲ್ಲೋ?" ಎಂದು ಸಂಶಯದಿಂದ ನೋಡಿದರು. ನನಗೆ ಮೈ ಉರಿದುಹೋಯಿತು. ಮಗಳನ್ನು ನೋಡದೆ ಜೀವ ಹಿಡಿದಿದ್ದೇನೆ, ನಾನು ಗುಳಿಗೆ ತಪ್ಪಿಸುತ್ತೇನೆಯೇ? "ತಗೋತೀನ್ರಿ. ನಿಮ್ಮ ಗುಳಗಿಗೇ ಬರೋಬ್ಬರಿ ಕೆಲಸ ಬರೂದಿಲ್ಲ," ಎಂದೆ. ಪಕ್ಕದಲ್ಲಿ ಗಂಡನ ಮುಖ ಸಣ್ಣದಾಯಿತು. ಡಾಕ್ಟರರು ಮಾತ್ರ ನಕ್ಕು, ಸೊಲ್ಲಾಪುರದ ಎದೆರೋಗದ ಡಾಕ್ಟರರಿಗೆ ಚೀಟಿ ಕೊಟ್ಟರು.

ಬಾಗೇವಾಡಿ ರೋಡ್ ಸ್ಟೇಶನ್ನಿನಲ್ಲಿ ಹತ್ತಿದರೆ ರೈಲು ಇಂಡಿ ರೋಡ್ ಮೇಲೆಯೇ ಸೊಲ್ಲಾಪುರದ ಕಡೆ ಹೋಗುತ್ತದೆ. ಮೊದಲೇ ಅಣ್ಣನಿಗೆ ಕಾರ್ಡು ಬರೆದಿದ್ದೆ. ರೈಲು ನಿಂತಾಗ ಅವನು ಸುಧಾಳ ಹೆಗಲು ಹಿಡಿದುಕೊಂಡು ಪ್ಲಾಟ್‌ಫಾರ್ಮಿನ ಬೇವಿನ ಗಿಡದ ಕೆಳಗೆ ನಿಂತಿದ್ದ. ನಾನು ಕಿಟಕಿಯಿಂದ ಕೈ ಚಾಚಿದೆ. ಅವಳು ನಕ್ಕಳು, ಕೈ ಬೀಸಿದಳು, ಆಮೇಲೆ ಏನೋ ನೆನಪಾದವಳಂತೆ ಫ್ರಾಕಿನ ಅಂಚನ್ನು ಎತ್ತಿ ಮೂಗು ಮುಚ್ಚಿಕೊಂಡಳು. ಯಾರೋ ಒಳ್ಳೆಯದಕ್ಕೇ ಕಲಿಸಿದ್ದರು. ರೈಲು ಬಿಟ್ಟ ಮೇಲೆ ನನ್ನ ಗಂಡ, "ಶಾಣ್ಯಾ ಆಗ್ಯಾಳ," ಎಂದರು. ಅವರ ಕಣ್ಣೂ ತುಂಬಿದ್ದವು.

ಸೊಲ್ಲಾಪುರದ ದವಾಖಾನೆಯ ವರಾಂಡದಲ್ಲಿ ಉದ್ದನೆಯ ಬಾಕು. ಬಾಕಿನ ತುಂಬ ಕೆಮ್ಮುವವರೇ. ಮನೆಯಲ್ಲಿ ನನ್ನ ಪಕ್ಕ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ, ಇಲ್ಲಿ ಒಬ್ಬರಿಗೊಬ್ಬರು ಅಂಟಿ ಕುಳಿತಿದ್ದರು. ಮುದ್ದೇಬಿಹಾಳದ ಕಡೆಯ ಒಬ್ಬ ಒಕ್ಕಲುಗಿತ್ತಿ ನನಗೆ ಜಾಗ ಮಾಡಿಕೊಟ್ಟು, "ಬರ್ರಿ ತಂಗಿ, ಕುಂಡ್ರಿ. ಇಲ್ಲಿ ನಾವೆಲ್ಲಾ ಒಂದ ಜಾತಿ," ಎಂದಳು. ನಾನು ಅವಳ ಭುಜಕ್ಕೆ ಭುಜ ತಾಗಿಸಿ ಕುಳಿತೆ. ಇನ್ನೊಂದು ಜೀವದ ಮೈಯ ಬಿಸಿ ಎಷ್ಟು ಹಿತವೆಂದು ಅವತ್ತು ಗೊತ್ತಾಯಿತು.

ಡಾಕ್ಟರರು ವಯಸ್ಸಾದವರು. ಮರಾಠಿ ಮನೆತನ, ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದರು. ಕಫವನ್ನು ದೂರದ ದೊಡ್ಡ ಲ್ಯಾಬಿಗೆ ಕಳಿಸುತ್ತೇನೆ ಎಂದರು. "ಅಲ್ಲಿ ಹುಳಾ ಬೆಳಸ್ತಾರ. ಹೆಪ್ಪು ಹಾಕಿದಂಗ. ಆದರ ಈ ಮೊಸರು ಆಗಲಿಕ್ಕೆ ಭಾಳ ವಾರ ಹಿಡೀತದ." ಹುಳವನ್ನು ಬೇಕೆಂದೇ ಬೆಳೆಸುತ್ತಾರೆಯೇ! ಅದಕ್ಕೆ ಏನು ತಿನ್ನಿಸುತ್ತಾರೆ ಎಂದು ಕೇಳಿಯೇ ಬಿಟ್ಟೆ. "ಕೋಳಿ ತತ್ತಿ," ಎಂದರು. ನಮ್ಮ ಮನೆಯಲ್ಲಿ ಹೆಸರೆತ್ತದ ವಸ್ತುವನ್ನು ನನ್ನ ಎದೆಯ ಹುಳ ಕುಳಿತು ತಿನ್ನುತ್ತದೆಂದು ತಿಳಿದು ಅಷ್ಟು ದುಃಖದಲ್ಲೂ ನಗು ಬಂತು. ಅತ್ತೆಗೆ ಮಾತ್ರ ಇದನ್ನು ಹೇಳಲಿಲ್ಲ.

ಬಹಳ ವಾರಗಳ ಮೇಲೆ ಫಲಿತಾಂಶ ಬಂತೆಂದು ಕರೆಸಿದರು. ಮತ್ತೆ ನಾನು, ನನ್ನ ಗಂಡ ಹೋದೆವು. ಡಾಕ್ಟರರು ಕನ್ನಡಕ ತೆಗೆದಿಟ್ಟು, "ಬಾಯಾರ, ಇದು ಕ್ಷಯದ ಹುಳಾ ಅಲ್ಲ. ಅದರ ದಾಯಾದಿ. ದುರ್ಬೀನಿನೊಳಗ ಅಣ್ಣತಮ್ಮರಂಗ ಕಾಣ್ತಾವ, ಗುಣಾ ಬ್ಯಾರೆ," ಎಂದರು.

"ಎಲ್ಲಿಂದ ಬಂತ್ರಿ ಇದು?"

"ಮಣ್ಣಿನೊಳಗ ಇರ್ತದ, ನೀರಿನೊಳಗ ಇರ್ತದ. ನಾ ದಿನಾ ಕುಡೀತೀನಿ, ನೀವೂ ಕುಡೀತೀರಿ."

"ಹಂಗಾದರ ನನಗೇ ಯಾಕ?"

ಅವರು ಕುರ್ಚಿಗೆ ಒರಗಿದರು. ಇನ್ನೊಬ್ಬರಾಗಿದ್ದರೆ ಕರ್ಮ ಎನ್ನುತ್ತಿದ್ದರು. ಇವರು, "ಪೂರ್ತಿ ನಮಗೂ ಗೊತ್ತಿಲ್ಲ. ಗಟ್ಟಿ ಪುಪ್ಪುಸದಾಗ ಅದು ನಿಲ್ಲೂದಿಲ್ಲ. ಎಲ್ಲೋ ಹಳೇ ಗಾಯ ಇರಬೇಕು, ಅಲ್ಲೆ ಮನಿ ಮಾಡ್ತದ," ಎಂದು ಫೋಟೋ ತೋರಿಸಿದರು. ಎಡಗಡೆ ಕೆಳಗೆ ಉಸಿರಿನ ನಳಿಗೆಗಳು ಹಿಗ್ಗಿ ಜೋತುಬಿದ್ದಿದ್ದವು. "ಸಣ್ಣವರಿದ್ದಾಗ ಎದಿ ಬ್ಯಾನಿ ಏನಾದರೂ ಆಗಿತ್ತೇನು? ನಿಮ್ಮ ತಾಯಿನ್ನ ಕೇಳ್ರಿ." ನಾನು ಕೇಳಬೇಕಾದ್ದು ಬೇರೆಯೇ ಇತ್ತು, ಆದರೆ ಉತ್ತರಕ್ಕೆ ಹೆದರಿ ಫೋಟೋವನ್ನೇ ನೋಡುತ್ತ ಕುಳಿತೆ. ಕಡೆಗೆ ನನ್ನ ಗಂಡನೇ ಕೇಳಿದರು: "ಕೂಸಿಗೆ ಹತ್ತೂದಿಲ್ಲೇನ್ರಿ?"

"ಒಬ್ಬರಿಂದ ಒಬ್ಬರಿಗೆ ಇದು ಹತ್ತಿದ್ದು ನಾವು ನೋಡಿಲ್ಲ," ಎಂದರು.

ಮರಳಿ ಬರುವಾಗ ಇಂಡಿ ರೋಡಿನಲ್ಲಿ ಅವ್ವ ಒಬ್ಬಳೇ ಬಂದಿದ್ದಳು. ಬಿಸಿಲು ಹೆಚ್ಚೆಂದು ಸುಧಾಳನ್ನು ಕರೆತಂದಿರಲಿಲ್ಲ. ಆ ಸಿಟ್ಟಿನಲ್ಲೇ ಕಿಟಕಿಯಿಂದ ಕೇಳಿದೆ: "ನನಗ ಸಣ್ಣಾಕಿ ಇದ್ದಾಗ ಎದಿ ಬ್ಯಾನಿ ಆಗಿತ್ತೇನವ್ವಾ?"

ಅವ್ವ ಆ ಕಡೆ ಈ ಕಡೆ ನೋಡಿದಳು. "ಅದನ್ನ ಈಗ ಯಾಕ ತಗೀತೀ?"

"ಹೇಳು, ರೈಲು ಬಿಡ್ತದ!"

"ನಾಯಿಕೆಮ್ಮು ಆಗಿತ್ತು. ನೀಲಿ ಆಗತಿದ್ದಿ ಕೆಮ್ಮಿ ಕೆಮ್ಮಿ. ಉಳದದ್ದೇ ಹೆಚ್ಚು. ಮದವಿ ಮಾತಿನಾಗ ಅದನ್ನೆಲ್ಲಾ ಹೇಳ್ತಾರೇನು? ನಿಮ್ಮತ್ತಿ ಕಿವಿಗೆ ಹಾಕಬ್ಯಾಡ ಮತ್ತ!" ಎಂದು ನನ್ನ ಗಂಡನ ಎದುರೇ ಹೇಳಿ, ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರು ಮೋರೆ ಆಚೆ ತಿರುಗಿಸಿಕೊಂಡು ನಕ್ಕರು. ನನಗಂತೂ ಕಳ್ಳನ ಹೆಜ್ಜೆ ಸಿಕ್ಕಷ್ಟು ಸಂತೋಷ. ಆದರೆ ನಾಯಿಕೆಮ್ಮು ಅಣ್ಣನಿಗೂ ಆಗಿತ್ತಂತೆ, ಅವನು ಗುಂಡುಕಲ್ಲಿನಂತಿದ್ದ. ಹಾಗಾದರೆ ಅದೊಂದೇ ಕಾರಣವಲ್ಲ. ಇನ್ನೇನೋ ಇದೆ.

ಮನೆಗೆ ಬಂದು, ರೋಗ ಹತ್ತುವುದಿಲ್ಲ, ಸುಧಾಳನ್ನು ಕರೆಸೋಣ ಎಂದೆವು. ಅತ್ತೆ ಹೂಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು. "ಏನಂದರು ಡಾಕ್ಟರು? ಹತ್ತಿದ್ದು ನೋಡಿಲ್ಲ ಅಂದರು. ನೋಡಿಲ್ಲ ಅಂದರ ಹತ್ತೂದಿಲ್ಲ ಅಂತೇನು?"

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಆ ಮಾತಿಗಲ್ಲ, ಅದು ನನ್ನ ಹೊಟ್ಟೆಯೊಳಗಿನ ಮಾತೇ ಆಗಿತ್ತು ಎಂಬುದಕ್ಕೆ. ಮಗಳು ಬೇಕು, ಆದರೆ ನನ್ನಿಂದ ಅವಳಿಗೆ ಏನಾದರೂ ಆದರೆ? ಕಡೆಗೆ ಅತ್ತೆಯೇ, "ಮುಂದಿನ ಸಲ ನಾ ಬರ್ತೀನಿ. ನಾನೇ ಕೇಳ್ತೀನಿ," ಎಂದರು. ಮನೆಯ ಹೊರಗೆ ಒಂದು ತೊಟ್ಟು ನೀರು ಮುಟ್ಟದ ಹೆಂಗಸು. ನನ್ನ ಗಂಡನಿಗೆ ರಜೆ ಸಿಗದೆ ನಾವಿಬ್ಬರೇ, ಅವರು ಹಸಿದುಕೊಂಡೇ, ಸೊಲ್ಲಾಪುರಕ್ಕೆ ಹೊರಟೆವು.

ಡಾಕ್ಟರರ ಎದುರು ಅತ್ತೆ ನನ್ನ ಕುರ್ಚಿಯಿಂದ ಮಾರು ದೂರ ಕುಳಿತರು. ಅವರು ಪ್ರಶ್ನೆ ಶುರುಮಾಡುವ ಮೊದಲೇ ಡಾಕ್ಟರರು ನನ್ನನ್ನು ಕೇಳಿದರು: "ದಿನಾ ಕಫ ಎಷ್ಟು ಬೀಳ್ತದ?"

"ಪರೀಕ್ಷೆಗೆ ಕೊಡೂವಾಗ ಉಗುಳ್ತೀನ್ರಿ. ಮತ್ತ ಇಲ್ಲ. ಕೆಮ್ಮು ಬಂದರ ನುಂಗ್ತೀನಿ."

"ನುಂಗ್ತೀರಿ? ಯಾಕ?"

ಅದಕ್ಕೆ ಉತ್ತರ ಕೊಟ್ಟವರು ಅತ್ತೆ. ಅವರ ದನಿಯಲ್ಲಿ ಅಭಿಮಾನವಿತ್ತು. "ನೈವೇದ್ಯದ ಅಡಿಗಿ ಮಾಡೂವಾಗ ಕೆಮ್ಮಿದರ ಎಂಜಲಾಗ್ತದ್ರಿ. ಅಡಿಗಿಯೆಲ್ಲಾ ಚೆಲ್ಲಿ, ಮತ್ತ ಸ್ನಾನ ಮಾಡಿ, ಮೊದಲಿಂದ ಮಾಡಬೇಕು. ನಮ್ಮ ಸೊಸಿ ಮದವ್ಯಾಗಿ ಬಂದಾಗಿಂದ ಒಲಿ ಮುಂದ ಒಂದ ಸಲಾನೂ ಕೆಮ್ಮಿಲ್ಲ. ಇಂಥಾ ಸೊಸಿ ಓಣ್ಯಾಗ ಇಲ್ಲ!"

ನಿಜ. ನನಗೂ ಅದರ ಹೆಮ್ಮೆಯಿತ್ತು. ಹೊಗೆ ಕಣ್ಣಿಗೆ ಬಂದಾಗ, ಗಂಟಲು ಕೆರೆದಾಗ, ಎದೆಯಲ್ಲಿ ಕಫ ಕದಲಿದಾಗ, ತುಟಿ ಬಿಗಿದು, ಹೊಟ್ಟೆ ಒಳಗೆಳೆದು, ಅದನ್ನು ಮರಳಿ ಕೆಳಗೆ ತಳ್ಳುವುದನ್ನು ಕಲಿತಿದ್ದೆ. ರೂಢಿಯಾಗಿ ಕಡೆಗೆ ಹೊರಗೂ ಕೆಮ್ಮುತ್ತಿರಲಿಲ್ಲ. ಓಣಿಯ ಹೊಸ ಸೊಸೆಯರಿಗೆಲ್ಲ ಅತ್ತೆ ನನ್ನನ್ನೇ ಉದಾಹರಣೆ ಕೊಡುತ್ತಿದ್ದರು.

ಡಾಕ್ಟರರು ಫೋಟೋವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ, "ಬಚ್ಚಲ ಮೋರಿಗೆ ಹಳೇ ಅರಬಿ ಚಿಂದಿ ತುರುಕಿದರ ಏನಾಗ್ತದರಿ ಅಜ್ಜಿ?" ಎಂದರು.

"ನೀರು ನಿಲ್ತದ. ನಾರ್ತದ."

"ಹಳೇ ಗಾಯದಾಗ ಕಫ ನಿಂತದ. ಅದನ್ನ ಹೊರಗ ಹಾಕಲಿಕ್ಕೆ ದೇವರು ಕೆಮ್ಮು ಕೊಟ್ಟಾನ. ಇವರು ಅದನ್ನ ನುಂಗ್ಯಾರ. ಇದೇ ಕಾರಣ ಅಂತ ನಾ ಬರದು ಕೊಡೂದಿಲ್ಲ, ಅಷ್ಟು ನಮಗ ತಿಳದಿಲ್ಲ. ಆದರ ಹುಳಕ್ಕ ಅನುಕೂಲ ಆಗಿರಬೇಕು. ನಾ ನೋಡಿದ ಇಂಥಾ ರೋಗಿಗಳೊಳಗ ನಿಮ್ಮ ಸೊಸಿಯಂಗ ಎತ್ತರ, ತೆಳ್ಳನ ಹೆಣ್ಣುಮಕ್ಕಳು ಇಬ್ಬರಿದ್ದಾರ. ಅದು ಯಾಕೋ, ಅದೂ ಗೊತ್ತಿಲ್ಲ."

ನನ್ನ ಪ್ರಶ್ನೆಗೆ ಅಷ್ಟು ದಿನಗಳ ಮೇಲೆ ಒಂದು ಉತ್ತರ ಸಿಕ್ಕಿತ್ತು. ನಾಯಿಕೆಮ್ಮಿನ ಗಾಯ, ಒಣಕಲು ಮೈ, ನುಂಗಿದ ಕೆಮ್ಮು. ಬಾವಿಯ ನೀರು ಎಲ್ಲರದು, ಈ ಮೂರೂ ಕೂಡಿದ್ದು ನನ್ನೊಬ್ಬಳಲ್ಲಿ. ವಿಚಿತ್ರವೆಂದರೆ ನನಗೆ ಸಿಟ್ಟು ಬರಲಿಲ್ಲ, ಮನಸ್ಸು ಹಗುರವೇ ಆಯಿತು. ಅತ್ತೆಯ ಕಡೆ ನೋಡಿದೆ. ಮುಖ ಬಿಳಿಚಿತ್ತು. ಕೇಳಬೇಕೆಂದು ಬಂದದ್ದನ್ನು ಮಾತ್ರ ಬಿಡದೆ ಕೇಳಿದರು: "ಕೂಸಿಗೆ ಹತ್ತೂದಿಲ್ಲ ಅಂತ ಆಣಿ ಮಾಡಿ ಹೇಳ್ತೀರೇನ್ರಿ?"

"ಆಣಿ ಮಾಡೂದಿಲ್ಲ. ಆದರ ಇವರು ನನ್ನ ಮಗಳಾಗಿದ್ದರ, ಕೂಸಿನ್ನ ಇವತ್ತೇ ತಂದು ಮಡಿಲಾಗ ಹಾಕ್ತಿದ್ದೆ," ಎಂದು ಡಾಕ್ಟರರು ಎದ್ದು ಬಂದರು. ನನ್ನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಅಂಗೈಯನ್ನು ಬೊಗಸೆ ಮಾಡಿ ಬೆನ್ನಿಗೆ ತಟ್ಟುವುದು ಹೇಗೆಂದು ತೋರಿಸಿದರು. ದಿನಾ ಮನೆಯಲ್ಲಿ ಯಾರಾದರೂ ಹೀಗೆ ತಟ್ಟಬೇಕು, ನಾನು ಕಫವನ್ನೆಲ್ಲ ಕೆಮ್ಮಿ ಹಾಕಬೇಕು.

ಹೊಸ ಔಷಧವನ್ನೂ ಬರೆದುಕೊಟ್ಟರು. ಅದರಲ್ಲಿ ಒಂದು ಕೆಂಪು ಗುಳಿಗೆ ನುಂಗಿದರೆ ಉಚ್ಚೆಯೂ ಕೇಸರಿ. ಮೊದಲ ದಿನ ನನ್ನ ಎದೆ ಒಡೆಯುವುದೊಂದು ಬಾಕಿ! ಎರಡು ವರ್ಷದ ಹತ್ತಿರ ಹತ್ತಿರ ತೆಗೆದುಕೊಂಡೆ, ಹುಳ ಹೋದವು. ಎಡಗಡೆಯ ಗಾಯ ಹೋಗಲಿಲ್ಲ, ಇವತ್ತಿಗೂ ಬೆಳಗಾದರೆ ಕಾಲು ಗಂಟೆ ಕೆಮ್ಮುತ್ತೇನೆ. ಫೋನಿನಲ್ಲಿ ಅತ್ತ ಹುಡುಗಿಗೆ ಹೇಳುತ್ತೇನೆ: ನೋಡವ್ವ, ಹೀಗೂ ಬದುಕಬಹುದು, ಚೆನ್ನಾಗಿಯೇ ಬದುಕಬಹುದು. ಆದರೆ ನಾನು ಹೇಳಬೇಕಾದದ್ದು ಅವತ್ತಿನ ರೈಲಿನ ಮಾತು.

ರೈಲಿನಲ್ಲಿ ಅತ್ತೆ ಹಸಿವೆಗೋ ಯೋಚನೆಗೋ ಕಣ್ಣು ಮುಚ್ಚಿ ಕುಳಿತಿದ್ದರು. ಇಂಡಿ ರೋಡಿನಲ್ಲಿ ಅಣ್ಣ ಸುಧಾಳನ್ನು ಕರೆತಂದು ದೂರದಲ್ಲೇ ನಿಂತಿದ್ದ. ಅತ್ತೆ ತಟ್ಟನೆ ಎದ್ದು ಬಾಗಿಲಿಗೆ ಹೋದರು. "ಕೂಸಿನ್ನ ಇಲ್ಲೆ ಕೊಡಪ್ಪಾ."

"ಆಕಿ ಫ್ರಾಕು ಅರಬಿ ಏನೂ ತಂದಿಲ್ರಿ, ನಾಳೆ..." ಎಂದ ಅಣ್ಣ.

"ಅರಬಿ ಆಮ್ಯಾಲೆ ಬರಲಿ. ಕೂಸಿನ್ನ ಕೊಡು!"

ರೈಲು ಬಿಟ್ಟಾಗ ಸುಧಾ ಅಜ್ಜಿಯ ಸೆರಗು ಹಿಡಿದುಕೊಂಡು ನನ್ನೆದುರಿನ ಬಾಕಿನ ಮೂಲೆಯಲ್ಲಿ ಕುಳಿತಿದ್ದಳು. ಉದ್ದವಾಗಿದ್ದಳು, ಮುಂದಿನ ಹಲ್ಲೊಂದು ಮುರಿದಿತ್ತು, ಅದು ಯಾವಾಗ ಮುರಿಯಿತೋ ನನಗೆ ಗೊತ್ತಿಲ್ಲ. ಕರೆಯಬೇಕೆಂದು ಬಾಯಿ ತೆರೆದೆ. ಬಂದದ್ದು ಕೆಮ್ಮು. ರೂಢಿಯಂತೆ ತುಟಿ ಬಿಗಿದೆ.

"ನುಂಗಬ್ಯಾಡ!" ಎಂದು ಅತ್ತೆ ಗದರಿದರು.

ಕೆಮ್ಮಿದೆ. ಎಷ್ಟೋ ವರ್ಷಗಳ ಮೇಲೆ ಮಂದಿಯೆದುರು, ರೈಲು ಡಬ್ಬಿಯವರೆಲ್ಲ ತಿರುಗಿ ನೋಡುವಂತೆ ಕೆಮ್ಮಿದೆ. ಸುಧಾ ಬಾಕಿನಿಂದ ಜಿಗಿದು ಡಬ್ಬಿಯ ಆ ತುದಿಗೆ ಓಡಿದಳು. ಅಲ್ಲಿಂದಲೇ, "ಅವ್ವ ಕೆಮ್ಮಿದರ ಓಡಬೇಕಂತ," ಎಂದಳು, ತಪ್ಪೇನೂ ಮಾಡಿಲ್ಲವೆನ್ನುವಂತೆ.

ಅತ್ತೆ ಎದ್ದು ನನ್ನ ಪಕ್ಕಕ್ಕೆ ಬಂದು ಕುಳಿತರು. ಕಾಯಿಲೆ ಬಂದಾಗಿನಿಂದ ಅವರು ನನ್ನನ್ನು ಮುಟ್ಟಿರಲಿಲ್ಲ. ಜೋಳದ ರೊಟ್ಟಿ ತಟ್ಟಿ ಪಳಗಿದ ಅಂಗೈಯನ್ನು ಬೊಗಸೆ ಮಾಡಿ, ನನ್ನ ಬೆನ್ನಿಗೆ ಒಂದೇ ಸಮನೆ ತಟ್ಟತೊಡಗಿದರು. "ನೋಡ ಸುಧಾ, ನಾ ಓಡಿದೆನೇನು? ಇಲ್ಲೇ ಇದ್ದೀನಿ. ನನಗೇನಾದರೂ ಆತೇನು?" ಎಂದರು. ತಟ್ಟುತ್ತಲೇ ಇದ್ದರು. ಅವರ ಕಣ್ಣೀರು ನನ್ನ ಹೆಗಲ ಮೇಲೆ ಬೀಳುತ್ತಿತ್ತು, ನನ್ನದು ನನ್ನ ಮಡಿಲಲ್ಲಿ.

ಸುಧಾ ಒಂದೊಂದೇ ಬಾಕು ಹಿಡಿದುಕೊಂಡು ಹತ್ತಿರ ಬಂದಳು. ಅಜ್ಜಿಯ ಕೈಯನ್ನು ನೋಡಿದಳು. ತನ್ನ ಅಂಗೈಯನ್ನೂ ಹಾಗೆಯೇ ಮಡಿಚಿ, ನನ್ನ ಬೆನ್ನಿಗೆ ಮೆಲ್ಲಗೆ ತಟ್ಟಿದಳು. ನನಗೆ ಮತ್ತೆ ಕೆಮ್ಮು ಬಂತು. ಈ ಸಲ ಅವಳು ಓಡಲಿಲ್ಲ. ಬಗ್ಗಿ ನನ್ನ ಮುಖ ನೋಡಿ ಕೇಳಿದಳು: "ಇನ್ನೂ ಅದ ಏನವ್ವಾ? ಇನ್ನೊಮ್ಮೆ ಕೆಮ್ಮು."